ತುಳಿಯಲೆಂದೇ ಹಾಸಿದ ಬೀಜಗಳು

ವಸ್ತುಸಂಗ್ರಹಾಲಯವೆಂದರೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಅಲ್ಲಿಟ್ಟ ವಸ್ತುಗಳಲ್ಲ, ‘ಮುಟ್ಟಬೇಡಿ’ ಎಂಬ ಫಲಕ. ಶಾಲೆಯ ಪ್ರವಾಸದಲ್ಲಿ ಮೇಷ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಕಟ್ಟಿಸಿ, ಒಳಗೆ ಕರೆದೊಯ್ಯುತ್ತಾರೆ. ಗಾಜಿನ ಪೆಟ್ಟಿಗೆಯ ಮೇಲೆ ಒಂದು ಬೆರಳು ಬಿದ್ದರೂ ಮೂಲೆಯಲ್ಲಿ ಕುಳಿತ ಕಾವಲುಗಾರ ಗದರುತ್ತಾನೆ. ನೋಡುವುದು ಕಣ್ಣಿನ ಕೆಲಸ, ಕೈಗೆ ಇಲ್ಲಿ ಪ್ರವೇಶವಿಲ್ಲ ಎಂಬ ಪಾಠವನ್ನು ನಾವು ಕಲಿತಷ್ಟು ಚೆನ್ನಾಗಿ ಅಲ್ಲಿನ ಇತಿಹಾಸವನ್ನು ಕಲಿತಿರಲಾರೆವು.

ಹೀಗೆ ಬೆಳೆದವರು 2010ರ ಅಕ್ಟೋಬರ್ 12ರಂದು ಲಂಡನ್ನಿನ ‘ಟೇಟ್ ಮಾಡರ್ನ್’ ಕಲಾಶಾಲೆಯೊಳಗೆ ಹೋಗಿದ್ದರೆ ಗಲಿಬಿಲಿಗೊಳ್ಳುತ್ತಿದ್ದರು. ವಿಶಾಲವಾದ ಹಜಾರದ ನೆಲದ ಮೇಲೆ ಬೂದು ಬಣ್ಣದ ಜಲ್ಲಿಯಂತಹದ್ದೇನೋ ಹರಡಿತ್ತು. ಬಗ್ಗಿ ನೋಡಿದರೆ ಸೂರ್ಯಕಾಂತಿ ಬೀಜ. ಕಪ್ಪು–ಬಿಳಿ ಪಟ್ಟೆಯ, ಸಿಪ್ಪೆ ಸುಲಿಯದ ಬೀಜ. ಕೈಗೆತ್ತಿಕೊಂಡರೆ ತಣ್ಣಗೆ, ಭಾರವಾಗಿ ತಗಲುತ್ತಿತ್ತು. ಅದು ಬೀಜವಲ್ಲ, ಪಿಂಗಾಣಿ. ಒಟ್ಟು ಹತ್ತು ಕೋಟಿ ಬೀಜಗಳು, 150 ಟನ್ ತೂಕ. ಜನ ಅದರ ಮೇಲೆ ನಡೆಯಬಹುದಿತ್ತು, ಕೂರಬಹುದಿತ್ತು, ಮಲಗಿ ಹೊರಳಬಹುದಿತ್ತು. ಮಕ್ಕಳು ಸಮುದ್ರದಂಡೆಯ ಮರಳಿನಲ್ಲಿ ಮಾಡುವಂತೆ ಕಾಲುಗಳನ್ನು ಹೂತುಕೊಂಡರು. ಬೊಗಸೆಯಲ್ಲಿ ತುಂಬಿ ಸುರಿದರು. ಹೆಜ್ಜೆ ಹೆಜ್ಜೆಗೂ ಚರಕ್ ಚರಕ್ ಎಂಬ ಸದ್ದು ಆ ಹಜಾರವನ್ನೆಲ್ಲ ತುಂಬಿತ್ತು.

ಆ ವಾರ ಮುಗಿಯುವ ಮೊದಲೇ ಬೀಜಗಳ ಅಂಚಿಗೆ ತಡೆ ಬಂತು. ತುಳಿಯಲೆಂದೇ ಹಾಸಿದ್ದನ್ನು ಇನ್ನು ಮೇಲೆ ದೂರದಿಂದ ನೋಡಬೇಕು ಎಂದಾಯಿತು. ಆ ತಡೆ ಏಕೆ ಬಂತು ಎಂಬುದನ್ನು ತಿಳಿದುಕೊಂಡರೆ, ನೋಡುಗನ ಕೈಕಾಲುಗಳನ್ನು ಒಳಗೆ ಕರೆಯುವ ಈ ಹೊಸ ಬಗೆಯ ಕಲೆಯ ಅರ್ಧ ಕಥೆ ತಿಳಿದಂತೆ.

ಮೊದಲು ಹಜಾರದ ಮಾತು. ಟೇಟ್ ಮಾಡರ್ನ್ ಇರುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯ ಹಳೆಯ ವಿದ್ಯುತ್ ಸ್ಥಾವರದಲ್ಲಿ. ಲಂಡನ್ನಿನ ಪ್ರಸಿದ್ಧ ಕೆಂಪು ದೂರವಾಣಿ ಗೂಡುಗಳನ್ನು ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇದರ ವಾಸ್ತುಶಿಲ್ಪಿ. ಸ್ಥಾವರ 1981ರಲ್ಲಿ ನಿಂತುಹೋಯಿತು. 2000ದಲ್ಲಿ ಕಟ್ಟಡ ಕಲಾಶಾಲೆಯಾಗಿ ತೆರೆಯಿತು. ವಿದ್ಯುತ್ ಯಂತ್ರಗಳಿದ್ದ ‘ಟರ್ಬೈನ್ ಹಾಲ್’ ಸುಮಾರು 150 ಮೀಟರ್ ಉದ್ದ, 35 ಮೀಟರ್ ಎತ್ತರ. ಇಷ್ಟು ದೊಡ್ಡ ಜಾಗದಲ್ಲಿ ಗೋಡೆಗೆ ಒಂದು ಚಿತ್ರ ತೂಗುಹಾಕಿದರೆ ಅದು ಅಂಚೆಚೀಟಿಯಂತೆ ಕಂಡೀತು. ಆದ್ದರಿಂದ ವರ್ಷಕ್ಕೊಬ್ಬ ಕಲಾವಿದರಿಗೆ ಇಡೀ ಹಜಾರವನ್ನೇ ಒಪ್ಪಿಸುವ ಪದ್ಧತಿ ಬೆಳೆಯಿತು. 2003ರಲ್ಲಿ ಓಲಾಫುರ್ ಎಲಿಯಾಸನ್ ಹಳದಿ ದೀಪಗಳಿಂದ ಒಂದು ಸೂರ್ಯನನ್ನೇ ಒಳಗೆ ತಂದು ನಿಲ್ಲಿಸಿ, ಮೇಲ್ಛಾವಣಿಗೆ ಕನ್ನಡಿ ಹೊದಿಸಿದರು. ಲಂಡನ್ನಿನ ಚಳಿಗಾಲದಲ್ಲಿ ಬಿಸಿಲು ಕಾಣದ ಜನ ಬಂದು ನೆಲದ ಮೇಲೆ ಅಂಗಾತ ಮಲಗಿ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. 2006ರಲ್ಲಿ ಕಾರ್ಸ್ಟನ್ ಹಾಲರ್ ಮೇಲಿನ ಅಂತಸ್ತುಗಳಿಂದ ಕೆಳಕ್ಕೆ ಸುರುಳಿ ಸುರುಳಿಯಾದ ಜಾರುಬಂಡೆಗಳನ್ನು ಕಟ್ಟಿದರು. ಕೋಟು ಹಾಕಿಕೊಂಡ ಹಿರಿಯರು ಕಿರುಚುತ್ತ ಜಾರಿದರು. ಮರುವರ್ಷ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ನೆಲವನ್ನೇ ಉದ್ದಕ್ಕೆ ಸೀಳಿದರು. ಆ ಬಿರುಕನ್ನು ಆಮೇಲೆ ತುಂಬಿ ಮುಚ್ಚಿದರೂ ಗಾಯದ ಕಲೆಯಂತೆ ಗೆರೆ ಉಳಿದುಕೊಂಡಿತು.

ಬೀಜಗಳನ್ನು ತಂದವರು ಚೀನಾದ ಐ ವೇವೇ. ಹುಟ್ಟಿದ್ದು 1957ರಲ್ಲಿ. ತಂದೆ ಐ ಚಿಂಗ್ ದೊಡ್ಡ ಕವಿ. ಮಗ ಇನ್ನೂ ಹಸುಳೆಯಾಗಿದ್ದಾಗಲೇ ಅವರು ಸರ್ಕಾರದ ಅವಕೃಪೆಗೆ ಪಾತ್ರರಾಗಿ, ದೂರದ ಶಿನ್‌ಜಿಯಾಂಗ್ ಪ್ರಾಂತಕ್ಕೆ ಗಡೀಪಾರಾಗಿ, ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಕೆಲಸ ಮಾಡಬೇಕಾಯಿತು. ಮಗ ಬೆಳೆದದ್ದು ಆ ಗಡೀಪಾರಿನಲ್ಲೇ. 2008ರಲ್ಲಿ ಸಿಚುವಾನ್ ಭೂಕಂಪದಲ್ಲಿ ಕಳಪೆ ಕಾಮಗಾರಿಯ ಶಾಲೆಗಳು ಕುಸಿದು ಮಕ್ಕಳು ಸತ್ತಾಗ, ಸತ್ತವರ ಹೆಸರುಗಳನ್ನು ಸರ್ಕಾರ ಹೇಳದಿದ್ದಾಗ, ಸ್ವಯಂಸೇವಕರನ್ನು ಊರೂರಿಗೆ ಕಳಿಸಿ ಐದು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಪಟ್ಟಿ ಮಾಡಿಸಿದವರು ಈ ಐ ವೇವೇ. ಅದಕ್ಕೆ ಅವರು ತೆತ್ತ ಬೆಲೆ ಚಿಕ್ಕದಲ್ಲ: 2009ರಲ್ಲಿ ಚೆಂಗ್ಡು ನಗರದಲ್ಲಿ ಪೊಲೀಸರ ಏಟು ತಿಂದು, ಮುಂದಿನ ತಿಂಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ತಲೆಯ ಶಸ್ತ್ರಚಿಕಿತ್ಸೆಗೆ ಒಳಗಾದರು.

ಸೂರ್ಯಕಾಂತಿ ಬೀಜವೇ ಏಕೆ? ನಮ್ಮ ಉತ್ತರ ಕರ್ನಾಟಕದ ಕರಿಮಣ್ಣಿನ ಹೊಲಗಳಲ್ಲಿ ಸೂರ್ಯಕಾಂತಿ ಬೆಳೆಯುವುದು ಎಣ್ಣೆಗೆ. ಚೀನಾದಲ್ಲಿ ಅದನ್ನು ಹುರಿದು, ಹಲ್ಲಿನಲ್ಲಿ ಸಿಪ್ಪೆ ಕಡಿದು ತಿನ್ನುತ್ತಾರೆ. ಅಲ್ಲಿ ಅದಕ್ಕೆ ನಮ್ಮ ಕಡಲೆಕಾಯಿಯ ಸ್ಥಾನ. ಹರಟೆಗೆ, ರೈಲು ಪ್ರಯಾಣಕ್ಕೆ, ಹಬ್ಬದ ಮನೆಗೆ ಅದು ಬೇಕು. ಸಾಂಸ್ಕೃತಿಕ ಕ್ರಾಂತಿಯ ಕಾಲದ ಭಿತ್ತಿಚಿತ್ರಗಳಲ್ಲಿ ಮಾವೋ ಸೂರ್ಯ, ಜನರೆಲ್ಲ ಅವನತ್ತ ಮುಖ ತಿರುಗಿಸಿ ನಿಂತ ಸೂರ್ಯಕಾಂತಿ ಹೂಗಳು. ಅದೇ ಕಾಲದ ಬಡತನದಲ್ಲಿ ಜನ ಜೇಬಿನಿಂದ ಒಂದು ಹಿಡಿ ಬೀಜ ತೆಗೆದು ಪಕ್ಕದವರೊಡನೆ ಹಂಚಿಕೊಳ್ಳುತ್ತಿದ್ದುದನ್ನು ಐ ವೇವೇ ನೆನೆಯುತ್ತಾರೆ. ಹೂವು ಆಳುವವರದ್ದಾದರೆ ಬೀಜ ಜನರದ್ದು ಎನ್ನಬಹುದೇನೋ.

ಇನ್ನು ಪಿಂಗಾಣಿ. ಜಿಂಗ್‌ಡೆಜೆನ್ ಎಂಬ ಊರು ಸಾವಿರ ವರ್ಷಗಳಿಂದ ಅದಕ್ಕೆ ಹೆಸರುವಾಸಿ. ಅರಮನೆಯ ಪಾತ್ರೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಪಿಂಗಾಣಿಯ ಬಿಳಿ ಜೇಡಿಮಣ್ಣಿಗೆ ಪ್ರಪಂಚದಲ್ಲೆಲ್ಲ ಇರುವ ‘ಕೆಯೊಲಿನ್’ ಎಂಬ ಹೆಸರು ಬಂದದ್ದು ಆ ಊರಿನ ಹತ್ತಿರದ ಗಾವ್‌ಲಿಂಗ್ ಎಂಬ ಹಳ್ಳಿಯಿಂದ. (ಚೀನಾದ ಪಿಂಗಾಣಿ ನಮಗೂ ಹೊಸದಲ್ಲ. ಹಂಪಿಯಲ್ಲಿ ವಿಜಯನಗರದ ಶ್ರೀಮಂತರ ನಿವೇಶನಗಳನ್ನು ಅಗೆದಾಗ ಅದರ ಚೂರುಗಳು ಸಿಕ್ಕಿವೆ.) ಈ ಊರಿನ ಸುಮಾರು 1,600 ಮಂದಿ ಎರಡೂವರೆ ವರ್ಷ ದುಡಿದು ಬೀಜಗಳನ್ನು ಮಾಡಿದರು. ಅಚ್ಚಿನಲ್ಲಿ ಒತ್ತಿ, ಸುಟ್ಟು, ಒಂದೊಂದರ ಎರಡೂ ಮಗ್ಗುಲಿಗೆ ಕುಂಚದಿಂದ ಮೂರು–ನಾಲ್ಕು ಗೆರೆ ಎಳೆದು, ಮತ್ತೆ ಸುಡಬೇಕು. ಗೆರೆ ಎಳೆದವರಲ್ಲಿ ಹೆಂಗಸರೇ ಹೆಚ್ಚು. ನಮ್ಮಲ್ಲಿ ಬೀಡಿ ಕಟ್ಟಲು ಎಲೆ–ಪುಡಿ ಒಯ್ಯುವಂತೆ ಚೀಲಗಟ್ಟಲೆ ಬೀಜಗಳನ್ನು ಮನೆಗೊಯ್ದು ಬಣ್ಣ ಹಚ್ಚಿದವರೂ ಇದ್ದರು. ಅರಮನೆಯ ಕುಸುರಿ ಕಲಿತ ಊರು ಹೊಟ್ಟೆಪಾಡಿಗೆ ಒದ್ದಾಡುತ್ತಿದ್ದ ದಿನಗಳಲ್ಲಿ ಇದೊಂದು ದೊಡ್ಡ ಕೆಲಸವೇ ಆಯಿತು. ಹತ್ತು ಕೋಟಿಯಲ್ಲಿ ಯಾವ ಎರಡು ಬೀಜವೂ ಒಂದೇ ಥರ ಇಲ್ಲ. ‘ಚೀನಾದಲ್ಲಿ ತಯಾರಾದದ್ದು’ ಎಂದರೆ ಯಂತ್ರ ಉಗುಳಿದ ಅಗ್ಗದ ಮಾಲು ಎಂದುಕೊಂಡವನ ಕಾಲಡಿಗೆ ಹತ್ತು ಕೋಟಿ ಕೈಕೆಲಸ ಹಾಸಿದ್ದರು.

ತುಳಿಯುವುದು ಇಲ್ಲಿ ಕೇವಲ ಮೋಜಾಗಿರಲಿಲ್ಲ. ದೂರದಿಂದ ಅದು ಬೂದು ರಾಶಿ. ಮೇಲೆ ಕಾಲಿಟ್ಟಾಗಲೇ, ಒಂದನ್ನು ಬೆರಳ ನಡುವೆ ಹಿಡಿದಾಗಲೇ ‘ಇದನ್ನು ಯಾರೋ ಬರೆದಿದ್ದಾರೆ’ ಎಂಬುದು ಗೊತ್ತಾಗುವುದು. ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಇಡುವಾಗ ಸ್ವಲ್ಪ ಅಳುಕು. ಒಬ್ಬ ಹೆಂಗಸಿನ ಒಂದು ದಿನದ ದುಡಿಮೆಯ ಮೇಲೆ ನಾನು ನಿಂತಿದ್ದೇನೆ ಎಂಬ ಅಳುಕು ಅದು. ಕಲಾಕೃತಿ ಇರುವುದು ಬೀಜದಲ್ಲೋ ಅಳುಕಿನಲ್ಲೋ ಎಂದು ಕೇಳಿದರೆ, ಅಳುಕಿನಲ್ಲಿ ಎಂದೇ ಹೇಳಬೇಕಾಗುತ್ತದೆ.

ನೋಡುಗನಿಲ್ಲದೆ ಕೃತಿ ಪೂರ್ಣವಾಗುವುದಿಲ್ಲ ಎಂಬ ಮಾತನ್ನು ಮಾರ್ಸೆಲ್ ದುಶಾಂ 1957ರ ಒಂದು ಭಾಷಣದಲ್ಲಿ ಹೇಳಿದಾಗ ಪಶ್ಚಿಮದಲ್ಲಿ ಅದು ಹೊಸ ಮಾತಾಗಿ ಕೇಳಿಸಿತು. ನಮ್ಮ ಅಲಂಕಾರಿಕರಿಗೆ ಇದು ತಿಳಿದಿರದ ಸಂಗತಿಯೇನಲ್ಲ. ರಸ ಹುಟ್ಟುವುದು ಸಹೃದಯನಲ್ಲಿ ಎಂದು ಅವರು ಸಾವಿರ ವರ್ಷದ ಹಿಂದೆಯೇ ವಾದಿಸಿದ್ದರು. ಆದರೆ ಸಹೃದಯನ ಹೃದಯವನ್ನು ಕೇಳಿದರೇ ಹೊರತು ಅವನ ಕೈಕಾಲನ್ನು ಯಾರೂ ಕೇಳಿರಲಿಲ್ಲ. ಕೈಕಾಲನ್ನು ಕೇಳಿದ್ದು ಇಪ್ಪತ್ತನೆಯ ಶತಮಾನ. 1950ರ ದಶಕದಲ್ಲಿ ಜಪಾನಿನ ‘ಗುಟಾಯ್’ ಗುಂಪಿನ ಶೋಜೊ ಶಿಮಾಮೊಟೊ ಮರದ ಹಲಗೆಗಳ ದಾರಿಯೊಂದನ್ನು ಮಾಡಿ, ‘ದಯವಿಟ್ಟು ಇದರ ಮೇಲೆ ನಡೆಯಿರಿ’ ಎಂದು ಅದಕ್ಕೆ ಹೆಸರಿಟ್ಟರು. ಕಾಲಿಟ್ಟರೆ ಹಲಗೆ ಅತ್ತಿತ್ತ ವಾಲುತ್ತಿತ್ತು. ಯುದ್ಧದಲ್ಲಿ ಸೋತು ಸುಟ್ಟುಹೋದ ದೇಶದಲ್ಲಿ ಕಾಲಡಿಯ ನೆಲ ಗಟ್ಟಿಯಿಲ್ಲವೆಂಬುದನ್ನು ಚಿತ್ರ ಬರೆದು ತೋರಿಸುವುದಕ್ಕಿಂತ ಇದು ನೇರ. ಅದೇ ಗುಂಪಿನ ಅತ್ಸುಕೊ ತನಾಕಾ ಕೋಣೆಯ ಸುತ್ತ ಗಂಟೆಗಳ ಸಾಲು ಹಾಕಿ ಒಂದು ಗುಂಡಿ ಇಟ್ಟರು. ಬಂದವರು ಒತ್ತಿದರೆ ಸದ್ದು ಒಂದರಿಂದ ಒಂದಕ್ಕೆ ದೂರ ದೂರ ಓಡುತ್ತಿತ್ತು.

ಗುಂಡಿ ಒತ್ತುವುದೆಂದರೆ ನಮ್ಮವರಿಗೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ನೆನಪಾಗದೆ ಇರದು. ಅಲ್ಲಿ ಗುಂಡಿ ಒತ್ತಿ ಚಕ್ರ ತಿರುಗಿಸದೆ ಬೆಳೆದ ಮಕ್ಕಳು ಕಡಿಮೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ವಿಜ್ಞಾನದ ಗುಂಡಿಯನ್ನು ಯಾರು ಒತ್ತಿದರೂ ಬರುವ ಉತ್ತರ ಒಂದೇ ಆಗಿರಬೇಕು, ಇಲ್ಲದಿದ್ದರೆ ಯಂತ್ರ ಕೆಟ್ಟಿದೆ ಎಂದರ್ಥ. ಕಲೆಯ ಗುಂಡಿಯಲ್ಲಿ ಒತ್ತಿದವನೇ ಉತ್ತರದ ಒಂದು ಭಾಗ. ನಿಶ್ಶಬ್ದವಾದ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಸದ್ದು ಮಾಡಿದವನ ಮುಜುಗರ ಯಂತ್ರದ ಲೆಕ್ಕಕ್ಕೆ ಸೇರಿದ್ದಲ್ಲ.

ಕನ್ನಡದಲ್ಲಿ ಈ ಬಗೆಯ ಕೃತಿಗೆ ‘ಪ್ರತಿಷ್ಠಾಪನಾ ಕಲೆ’ ಎಂಬ ಹೆಸರು ನಿಂತಿದೆ. ಯಾರು ಮೊದಲು ಹಾಗೆ ಕರೆದರೋ, ಪದ ದೇವಸ್ಥಾನದ್ದು. ಅದಕ್ಕೊಂದು ವಿಚಿತ್ರ ತಿರುವೂ ಇದೆ. ಗುಡಿಯಲ್ಲಿ ಶಿಲ್ಪಿಯ ಕೈಯಲ್ಲಿ ಇರುವತನಕ ಕಲ್ಲನ್ನು ಯಾರೂ ಮುಟ್ಟಬಹುದು. ಪ್ರತಿಷ್ಠಾಪನೆಯಾದ ಕ್ಷಣದಿಂದ ಕೆತ್ತಿದವನೂ ಮುಟ್ಟುವಂತಿಲ್ಲ. ಗೋಕರ್ಣದಲ್ಲಿ ಭಕ್ತರು ಆತ್ಮಲಿಂಗವನ್ನು ಕೈಯಿಂದ ಮುಟ್ಟುವ ರೂಢಿಯಿದೆ, ಅಂತಹ ಕಡೆಗಳು ಕೆಲವೇ. ‘ಮುಟ್ಟುವಂತಿಲ್ಲ’ ಎಂಬ ಮಾತು ನಮ್ಮಲ್ಲಿ ಮೂರ್ತಿಗಷ್ಟೇ ಅನ್ವಯವಾಗಲಿಲ್ಲ, ಮನುಷ್ಯರಿಗೂ ಅನ್ವಯವಾಯಿತು. ಗುಡಿಯ ಹೊಸ್ತಿಲಿನಿಂದ, ಬಾವಿಯಿಂದ ಕೆಲವರನ್ನು ದೂರ ನಿಲ್ಲಿಸಿದ ಚರಿತ್ರೆ ಹಳೆಯದಾಗಿ ಮುಗಿದಿಲ್ಲ. ‘ಬನ್ನಿ, ಯಾರು ಬೇಕಾದರೂ ಮುಟ್ಟಿ’ ಎಂಬ ಕರೆ ಯೂರೋಪಿನವರಿಗೆ ಒಂದು ಸೌಂದರ್ಯಶಾಸ್ತ್ರದ ಪ್ರಯೋಗವಾಗಿ ಕೇಳಿಸಬಹುದು. ನಮ್ಮ ಕಿವಿಗೆ ಅದರಲ್ಲಿ ಇನ್ನೂ ಏನೋ ಕೇಳಿಸುತ್ತದೆ.

ಆದರೆ ಮುಟ್ಟಲು ಕರೆದವರಿಗೆ ಆಗಾಗ ಪೆಟ್ಟು ಬಿದ್ದಿದೆ. ಬ್ರೆಜಿಲ್‌ನ ಲಿಜಿಯಾ ಕ್ಲಾರ್ಕ್ 1960ರ ಸುಮಾರಿಗೆ ಕೀಲುಗಳಿಂದ ಜೋಡಿಸಿದ ಲೋಹದ ಹಾಳೆಗಳ ಶಿಲ್ಪಗಳನ್ನು ಮಾಡಿ, ಅವಕ್ಕೆ ‘ಪ್ರಾಣಿಗಳು’ ಎಂಬರ್ಥದ ಹೆಸರಿಟ್ಟರು. ಕೈಯಲ್ಲಿ ಹಿಡಿದು ಮಡಿಸಿದಂತೆಲ್ಲ ಆಕಾರ ಬದಲಾಗುತ್ತದೆ. ಮಡಿಸದಿದ್ದರೆ ಅವು ಸತ್ತ ಪ್ರಾಣಿಗಳು. ಮುಂದೆ ಅವುಗಳ ಬೆಲೆ ಏರಿತು. ಬೆಲೆ ಏರಿದ್ದೇ ಅವುಗಳ ಮೇಲೆ ಗಾಜಿನ ಪೆಟ್ಟಿಗೆ ಬಂತು. ಈಗ ದೊಡ್ಡ ಪ್ರದರ್ಶನಗಳಲ್ಲಿ ಮೂಲವನ್ನು ಗಾಜಿನೊಳಗಿಟ್ಟು, ಮುಟ್ಟುವ ಆಸೆಯವರಿಗೆಂದು ಪಕ್ಕದಲ್ಲಿ ನಕಲು ಇಡುತ್ತಾರೆ.

ಟೇಟ್ ಸಂಸ್ಥೆಗೇ ಇದರ ಹಳೆಯ ಅನುಭವವಿತ್ತು. 1971ರಲ್ಲಿ, ಆಗಿನ್ನೂ ಮಿಲ್‌ಬ್ಯಾಂಕ್‌ನ ಹಳೆಯ ಕಟ್ಟಡದಲ್ಲಿದ್ದ ಟೇಟ್ ಗ್ಯಾಲರಿಯಲ್ಲಿ ಅಮೆರಿಕದ ರಾಬರ್ಟ್ ಮಾರಿಸ್ ಮರದ ಇಳಿಜಾರು, ಏತದ ಹಲಗೆ, ಸುರಂಗ, ಉರುಳುವ ದಿಮ್ಮಿ, ಹಗ್ಗಗಳನ್ನೆಲ್ಲ ಜೋಡಿಸಿ, ಬಂದವರು ಹತ್ತಬೇಕು, ತೂಗಬೇಕು, ಸಮತೋಲ ಹಿಡಿಯಬೇಕು ಎಂದರು. ಅವರ ಎಣಿಕೆಯಲ್ಲಿದ್ದದ್ದು ತನ್ನ ದೇಹದ ಭಾರವನ್ನು ತಾನೇ ಗಮನಿಸುವ ಶಾಂತ ಅಭ್ಯಾಸ. ಬಂದವರು ಲಂಡನ್ನಿನ ಜನ. ಎಷ್ಟೋ ವರ್ಷ ಕೈಕಟ್ಟಿ ನಿಂತವರಿಗೆ ಒಮ್ಮೆಲೇ ಬಿಡುಗಡೆ ಸಿಕ್ಕಿದಂತಾಗಿ ಕುಣಿದು ಕುಪ್ಪಳಿಸಿದರು. ಮರ ಸೀಳಿತು, ಚಕ್ಕೆ ಚುಚ್ಚಿತು, ಕೆಲವರಿಗೆ ಪೆಟ್ಟಾಯಿತು. ನಾಲ್ಕು ದಿನಕ್ಕೆ ಪ್ರದರ್ಶನ ಮುಚ್ಚಿದರು. 2009ರಲ್ಲಿ ಅದನ್ನೇ ಇನ್ನಷ್ಟು ಭದ್ರವಾಗಿ ಕಟ್ಟಿ ಟರ್ಬೈನ್ ಹಾಲ್‌ನಲ್ಲಿ ಮತ್ತೆ ತೆರೆದಾಗ ಜನ ಸಾಲುಗಟ್ಟಿದರು. ಬೀಜಗಳು ಬಂದದ್ದು ಅದರ ಮರುವರ್ಷ.

ಬೀಜಗಳಿಂದ ಯಾರಿಗೂ ಗಾಯವಾಗಲಿಲ್ಲ. ಅಲ್ಲಿನ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಸಾವಿರಾರು ಕಾಲುಗಳ ಕೆಳಗೆ ಪಿಂಗಾಣಿಗೆ ಪಿಂಗಾಣಿ ಉಜ್ಜಿ ನಯವಾದ ಧೂಳು ಏಳತೊಡಗಿತು. ಮೂಗು, ಗಂಟಲುಗಳಲ್ಲಿ ಸಿಕ್ಕಿಬೀಳುವ ದಪ್ಪ ಧೂಳನ್ನು ದೇಹ ಕೆಮ್ಮಿ, ಸೀನಿ ಹೊರಹಾಕುತ್ತದೆ. ಅತಿ ನಯವಾದದ್ದು ಶ್ವಾಸಕೋಶದ ಕೊನೆಯ ಗೂಡುಗಳ ತನಕ ಹೋಗಿ ಕೂರುತ್ತದೆ. ಅದರಲ್ಲಿ ಸಿಲಿಕಾ ಇದ್ದರೆ, ಅದರ ಸುತ್ತ ಗಾಯ ಮಾಗಿ ಗಂಟುಗಟ್ಟುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಶ್ವಾಸಕೋಶ ಹಿಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಗಂಟೆ ಬಂದು ಹೋಗುವವನಿಗೆ ಭಯವಿಲ್ಲ. ದಿನವೆಲ್ಲ, ತಿಂಗಳುಗಟ್ಟಲೆ ಅಲ್ಲೇ ನಿಲ್ಲಬೇಕಾದ ಸಿಬ್ಬಂದಿಯ ಕಥೆ ಬೇರೆ. ದೀರ್ಘಕಾಲ ಮತ್ತೆ ಮತ್ತೆ ಉಸಿರಾಡಿದರೆ ಈ ಧೂಳು ಹಾನಿಕರವಾಗಬಹುದು ಎಂಬ ಸಲಹೆ ಬಂದಮೇಲೆ ಸಂಸ್ಥೆ ತಡೆ ಕಟ್ಟಿತು. ಕಲಾವಿದರೂ ಒಪ್ಪಿದರು.

ಪತ್ರಿಕೆಗಳಲ್ಲಿ ನಗೆಯಾಡಿದವರು ಉಂಟು. ಆರೋಗ್ಯ–ಸುರಕ್ಷತೆಯ ಅಧಿಕಾರಿಗಳು ಕಲೆಯನ್ನು ಕೊಂದರು ಎಂದವರೂ ಉಂಟು. ನನಗೆ ಹಾಗನ್ನಿಸುವುದಿಲ್ಲ. ಪಿಂಗಾಣಿಯ ಊರುಗಳಲ್ಲಿ ಧೂಳಿನ ಕಾಯಿಲೆ ಹಳೆಯ ಸಂಗತಿ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಅದಕ್ಕೆ ‘ಕುಂಬಾರರ ಉಬ್ಬಸ’ ಎಂಬ ಹೆಸರೇ ಇತ್ತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ಧೂಳು ಎದೆಯಲ್ಲಿ ಕಟ್ಟಿಕೊಂಡು ಏದುಸಿರು ಬಿಡುತ್ತ ಬದುಕಿದ ಗಣಿ ಕಾರ್ಮಿಕರ ಮನೆಗಳಲ್ಲಿ ಸಿಲಿಕೋಸಿಸ್ ಎಂಬ ಪದವನ್ನು ಅರ್ಥ ಹೇಳಿ ತಿಳಿಸಬೇಕಾಗಿಲ್ಲ. ಗಂಟೆ ಎರಡು ಗಂಟೆಯ ನೋಡುಗರ ಸಂತೋಷಕ್ಕಾಗಿ ಕಾವಲಿಗೆ ನಿಂತ ಸಂಬಳದಾರರ ಎದೆಯನ್ನು ಪಣವಿಡುವುದು ಸರಿಯಲ್ಲ. ಬೆವರಿನ ಲೆಕ್ಕವನ್ನು ನೆನಪಿಸಲೆಂದೇ ಮಾಡಿದ ಕೃತಿಯಲ್ಲಂತೂ ಸರಿಯೇ ಅಲ್ಲ.

ಹಾಗೆಂದು ನಷ್ಟವಾಗಲಿಲ್ಲವೆನ್ನುವುದು ಸುಳ್ಳು. ತಡೆಯ ಈಚೆ ನಿಂತವರಿಗೆ ಕಂಡದ್ದು ಬೂದು ನೆಲ. ಸದ್ದು ಹೋಯಿತು. ಒಂದು ಬೀಜವನ್ನು ಎತ್ತಿ ನೋಡಿದಾಗ ಆಗುವ ಅಚ್ಚರಿ ಹೋಯಿತು. ಜೇಬಿಗೆ ಒಂದನ್ನು ಹಾಕಿಕೊಳ್ಳುವ ಆಸೆಯೂ ಹೋಯಿತು. ಆ ಆಸೆ ತಪ್ಪೆಂದು ಸಂಸ್ಥೆ ಹೇಳಿದ್ದರೂ, ನೋಡುಗನಾಗಿದ್ದರೆ ತನಗೂ ಒಂದು ಬೀಜ ಒಯ್ಯಬೇಕೆನಿಸುತ್ತಿತ್ತೆಂದು ಐ ವೇವೇ ಒಪ್ಪಿಕೊಂಡಿದ್ದರು. ಉಳಿದದ್ದು ಪಕ್ಕದಲ್ಲಿದ್ದ ವಿಡಿಯೊ ಗೂಡುಗಳು. ಅದರಲ್ಲಿ ಕುಳಿತು ಕಲಾವಿದರಿಗೆ ಪ್ರಶ್ನೆ ಕೇಳಿ ಮುದ್ರಿಸಬಹುದಿತ್ತು. ಕೆಲವಕ್ಕೆ ಅವರು ಬೀಜಿಂಗ್‌ನಿಂದ ಉತ್ತರ ಕಳಿಸುತ್ತಿದ್ದರು.

ಆಮೇಲೆ ಆದದ್ದನ್ನು ಯಾವ ಕಲಾವಿದನೂ ಯೋಜಿಸಲಾರ. 2011ರ ಏಪ್ರಿಲ್ 3ರಂದು ಬೀಜಿಂಗ್ ವಿಮಾನ ನಿಲ್ದಾಣದಲ್ಲಿ ಐ ವೇವೇ ಅವರನ್ನು ಪೊಲೀಸರು ಹಿಡಿದೊಯ್ದರು. ಎಲ್ಲಿಟ್ಟಿದ್ದಾರೆ ಎಂಬುದು ಮನೆಯವರಿಗೂ ತಿಳಿಯಲಿಲ್ಲ. ಲಂಡನ್ನಿನಲ್ಲಿ ಬೀಜಗಳು ಇನ್ನೂ ಹಾಸಿಯೇ ಇದ್ದವು. ಟೇಟ್ ಮಾಡರ್ನ್ ಕಟ್ಟಡದ ನೆತ್ತಿಯ ಮೇಲೆ ಅವರನ್ನು ಬಿಡುಗಡೆ ಮಾಡಿ ಎಂಬ ದೊಡ್ಡ ಅಕ್ಷರಗಳು ನಿಂತವು. ಮುಟ್ಟಲಾಗದ ಬೀಜಗಳ ಎದುರು, ತಲುಪಲಾಗದ ಮನುಷ್ಯನನ್ನು ನೆನೆಯುತ್ತ ಜನ ನಿಂತರು. ಧೂಳಿಗೆಂದು ಕಟ್ಟಿದ ತಡೆಗೆ ಬೇರೊಂದು ಅರ್ಥ ತಾನಾಗಿ ಬಂದುಬಿಟ್ಟಿತು. 81 ದಿನಗಳ ಮೇಲೆ, ಜೂನ್ 22ರಂದು, ಅವರನ್ನು ಬಿಟ್ಟರು. ಪಾಸ್‌ಪೋರ್ಟ್ ಕೈಗೆ ಬಂದದ್ದು 2015ರಲ್ಲಿ. ಪ್ರದರ್ಶನ ಮೇ ತಿಂಗಳಲ್ಲೇ ಮುಗಿದಿತ್ತು.

ಮುಟ್ಟಿದರೆ ಸವೆಯುತ್ತದೆ, ಇದು ಎಲ್ಲ ವಸ್ತುವಿನ ಗುಣ. ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳು ನಮ್ಮೆದುರಿಗೇ ಇವೆ. ಬೆರಳಿನಿಂದ ತಟ್ಟಿದರೆ ಸ್ವರ ಹೊರಡುವ ಆ ಸಣ್ಣ ಕಂಬಗಳನ್ನು ತಲೆಮಾರುಗಳ ಪ್ರವಾಸಿಗರು ತಟ್ಟಿದ್ದೇ ತಟ್ಟಿದ್ದು, ಕೆಲವರು ನಾಣ್ಯದಿಂದ, ಕೆಲವರು ಕಟ್ಟಿಗೆಯಿಂದ. ಕೊನೆಗೆ ಪುರಾತತ್ವ ಇಲಾಖೆ ತಟ್ಟುವುದನ್ನು ನಿಷೇಧಿಸಬೇಕಾಯಿತು. ಈಗ ಹೋದವರು ಮೂಕ ಕಂಬಗಳನ್ನು ನೋಡಿ ಬರುತ್ತಾರೆ. ಕೇಳಿಸಿಕೊಂಡವರ ಪಾಲಿನ ಸಂತೋಷವೇ ಕೇಳಬೇಕಾದವರ ಪಾಲನ್ನು ತಿಂದುಹಾಕಿತು.

ಈ ಸವೆತವನ್ನೇ ಕೃತಿಯ ಒಳಗೆ ತಂದುಕೊಂಡವರು ಅಮೆರಿಕದಲ್ಲಿದ್ದ, ಕ್ಯೂಬಾದಲ್ಲಿ ಹುಟ್ಟಿದ ಫೆಲಿಕ್ಸ್ ಗೊನ್ಸಾಲೆಸ್–ತೊರೆಸ್. ಅವರ 1991ರ ಒಂದು ಕೃತಿ ಎಂದರೆ ಗೋಡೆಯ ಮೂಲೆಗೆ ಸುರಿದ ಪೆಪ್ಪರ್‌ಮೆಂಟುಗಳ ರಾಶಿ, ಅಷ್ಟೇ. ಬಣ್ಣದ ಹೊಳೆಯುವ ಕಾಗದದಲ್ಲಿ ಸುತ್ತಿದ ಪೆಪ್ಪರ್‌ಮೆಂಟು. ಬಂದವರು ಒಂದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ರಾಶಿಯ ಆದರ್ಶ ತೂಕ 175 ಪೌಂಡ್, ಎಂದರೆ ಸುಮಾರು 79 ಕಿಲೊ. ಅದು ಆರೋಗ್ಯವಂತ ಗಂಡಸೊಬ್ಬನ ತೂಕ. ಅವರ ಒಲವಿನ ಸಂಗಾತಿ ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದರು. ಕೃತಿ ಅವರ ಭಾವಚಿತ್ರ. ಒಬ್ಬೊಬ್ಬರು ಒಂದೊಂದು ತೆಗೆದಂತೆ ರಾಶಿ ಕರಗುತ್ತದೆ, ಕಾಯಿಲೆಯಲ್ಲಿ ದೇಹ ಕರಗಿದಂತೆ. ಆದರೆ ಇಟ್ಟುಕೊಂಡವರು ಅದನ್ನು ಮತ್ತೆ ತುಂಬಬಹುದು. ಮತ್ತೆ ಅದೇ ತೂಕ. ಬಾಯಲ್ಲಿ ಸಿಹಿ ಇರುವಾಗಲೇ ಗೋಡೆಯ ಮೇಲಿನ ವಿವರ ಓದಿದವನಿಗೆ ತಾನು ತಿಂದದ್ದೇನು ಎಂದು ಹೊಳೆಯುತ್ತದೆ. ಗೊನ್ಸಾಲೆಸ್–ತೊರೆಸ್ ಅವರೂ ಅದೇ ಕಾಯಿಲೆಯಿಂದ 1996ರಲ್ಲಿ ತೀರಿಕೊಂಡರು. ರಾಶಿಯನ್ನು ಇವತ್ತಿಗೂ ತುಂಬುತ್ತಾರೆ.

ನಮ್ಮವರೇ ಆದ ಮುಂಬಯಿಯ ಶಿಲ್ಪಾ ಗುಪ್ತಾ ಬೇರೆ ದಾರಿ ಹಿಡಿದರು. 2008–09ರ ಅವರ ಕೃತಿಯೊಂದು ದೂರಕ್ಕೆ ಇಟ್ಟಿಗೆಯ ಗೋಡೆ. ಹತ್ತಿರ ಹೋದರೆ ಸ್ನಾನದ ಸೋಪು. ಒಂದೊಂದರ ಮೇಲೂ ‘ಬೆದರಿಕೆ’ ಎಂಬ ಅರ್ಥದ ಇಂಗ್ಲಿಷ್ ಪದ ಅಚ್ಚೊತ್ತಿದೆ. ಬಂದವರು ಒಂದೊಂದನ್ನು ಮನೆಗೆ ಒಯ್ಯಬಹುದು. ಗೋಡೆ ದಿನದಿನಕ್ಕೆ ಕುಗ್ಗುತ್ತದೆ; ಮನೆಗೊಯ್ದ ಸೋಪಿನ ಮೇಲಿನ ಪದ ಸ್ನಾನ ಮಾಡಿದಂತೆಲ್ಲ ಕರಗಿಹೋಗುತ್ತದೆ. ಮುಂಬಯಿಯ ಮೇಲೆ ದಾಳಿ ನಡೆದದ್ದು 2008ರಲ್ಲಿ ಎಂಬುದನ್ನು ನೆನೆದರೆ, ಬೆದರಿಕೆಯನ್ನು ಬಚ್ಚಲಿಗೆ ಒಯ್ದು ತೊಳೆದುಬಿಡಿ ಎನ್ನುವುದರಲ್ಲಿ ಎಷ್ಟು ಧೈರ್ಯ, ಎಷ್ಟು ವ್ಯಂಗ್ಯ ಇದೆಯೆಂಬುದು ತಿಳಿಯುತ್ತದೆ. ಬಳಸದೆ ಕಪಾಟಿನಲ್ಲಿಟ್ಟು ಕಾಪಾಡಿದವರ ಮನೆಯಲ್ಲಿ ಬೆದರಿಕೆ ಹಾಗೆಯೇ ಉಳಿಯುತ್ತದೆ.

ಇಂತಹ ಪ್ರದರ್ಶನಗಳು ಈಗ ನಮ್ಮ ಸುತ್ತಲೂ ಬರುತ್ತಿವೆ. 2012ರಿಂದ ಕೊಚ್ಚಿಯಲ್ಲಿ ನಡೆಯುತ್ತಿರುವ ಬಿನಾಲೆಗೆ ಕರ್ನಾಟಕದಿಂದ ಹೋಗಿಬರುವವರು ಕಡಿಮೆಯೇನಲ್ಲ. ‘ಇದರಲ್ಲಿ ಕಲೆ ಎಲ್ಲಿದೆ’ ಎಂದು ಕೇಳುತ್ತ ಹೊರಬರುವವರನ್ನು ಕಂಡು ನಗುವುದು ಬೇಡ, ಪ್ರಶ್ನೆ ಸರಿಯಾದದ್ದೇ. ಎಷ್ಟೋ ಕಡೆ ನೋಡುಗನಿಗೆ ಕೊಡುವುದು ಗುಂಡಿ ಒತ್ತುವ, ಬಣ್ಣದ ಬೆಳಕಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಕೆಲಸ ಮಾತ್ರ. ಬಂದವನು ಏನು ಮಾಡಿದರೂ ಏನೂ ಸವೆಯುವುದಿಲ್ಲ, ಅವನಿಗೂ ಏನೂ ತಗಲುವುದಿಲ್ಲ. ಅದು ಜಾತ್ರೆಯ ತೊಟ್ಟಿಲಿನ ಸುಖ. ಜಾತ್ರೆಯ ತೊಟ್ಟಿಲು ಅದನ್ನು ಇನ್ನೂ ಅಗ್ಗವಾಗಿ, ಇನ್ನೂ ಪ್ರಾಮಾಣಿಕವಾಗಿ ಕೊಡುತ್ತದೆ. ನಿಮ್ಮ ಕೈಯಿಂದ ಏನು ಬದಲಾಯಿತು, ಅದರ ವೆಚ್ಚ ಯಾರ ತಲೆಯ ಮೇಲೆ ಬಿತ್ತು ಎಂದು ಕೇಳಿಕೊಂಡಾಗ ಉತ್ತರ ಸಿಗುವ ಕೃತಿಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ.

ಬೀಜಗಳು ಏನಾದವು? 2011ರ ಫೆಬ್ರುವರಿಯಲ್ಲಿ, ಲಂಡನ್ನಿನ ಪ್ರದರ್ಶನ ಇನ್ನೂ ನಡೆಯುತ್ತಿದ್ದಾಗಲೇ, ಇಂಥವೇ 100 ಕಿಲೊ ಬೀಜಗಳು ಸದಬೀಸ್ ಹರಾಜಿನಲ್ಲಿ ಸುಮಾರು 3.5 ಲಕ್ಷ ಪೌಂಡಿಗೆ ಹೋದವು. ಮುಂದಿನ ವರ್ಷ ಟೇಟ್ ಸಂಸ್ಥೆ ಹತ್ತು ಟನ್‌ನಷ್ಟನ್ನು, ಎಂದರೆ ಸುಮಾರು 80 ಲಕ್ಷ ಬೀಜಗಳನ್ನು, ತನ್ನ ಸಂಗ್ರಹಕ್ಕೆ ಕೊಂಡಿತು. ಅವನ್ನು ನೆಲದ ಮೇಲೆ ಹರಡಿ ಇಡಬಹುದು. ಇಲ್ಲವೇ ಕಣದಲ್ಲಿ ರಾಗಿ ತೂರಿ ಒಟ್ಟಿದಂತೆ ಐದು ಮೀಟರ್ ಅಗಲದ ಗೋಪುರದ ರಾಶಿಯಾಗಿ ಒಟ್ಟಬಹುದು. ರಾಶಿಯಾಗಿ ಒಟ್ಟಿದಾಗ ಬೀಜಗಳು ಒಂದನ್ನೊಂದು ಆತುಕೊಂಡು ನಿಲ್ಲುತ್ತವೆ. ಬುಡದಿಂದ ಒಂದನ್ನು ಎಳೆದರೂ ಮೇಲಿನವು ಜಾರುತ್ತವೆ. ಮುಟ್ಟುವಂತಿಲ್ಲ.